ಏಳರ ಎಣಿಕೆ: ಪ್ರೊಗ್ರೆಸಿವ್ ರಾಕ್ ತಂಡಗಳೂ ಅವುಗಳ ಪೂರ್ವಸೂರಿಗಳೂ

ಉಡುಪಿ ಬಳಿಯ ಕೆಮ್ಮಣ್ಣು, ಕಲ್ಯಾಣಪುರ, ಮಲ್ಪೆ ಆಸುಪಾಸಿನ ಬಯಲಾಟಗಳಲ್ಲಿ ಭಾಗವತರು ತ್ರಿವುಡೆ ತಾಳದ ಪದ್ಯವನ್ನು ಎತ್ತಿಕೊಂಡರೆ ಮದ್ದಳೆ ಏಳು ಅಕ್ಷರಗಳ ಆವರ್ತದಲ್ಲಿ ಸುತ್ತತೊಡಗುತ್ತದೆ. ಎದುರಿಗೆ ಕುಳಿತವರಲ್ಲಿ ಅದನ್ನು ಎಣಿಸುವವರು ವಿರಳ. ಕಾಲು ತಾನಾಗಿಯೇ ತಾಳ ಹಾಕುತ್ತದೆ. 1973ರಲ್ಲಿ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡ ‘ಮನಿ’ ಎಂಬ ಹಾಡನ್ನು ಇದೇ ಏಳರ ಎಣಿಕೆಯಲ್ಲಿ ಕಟ್ಟಿದಾಗ ನಾಲ್ಕರ ನಡೆಗೆ ಒಗ್ಗಿಹೋಗಿದ್ದ ಪಾಶ್ಚಾತ್ಯ ರಾಕ್ ಕೇಳುಗರಿಗೆ ಅದೊಂದು ಸೋಜಿಗವಾಗಿತ್ತು. ಆದರೆ ಆ ಹಾಡಿನಲ್ಲೂ ಗಿಟಾರ್ ವಾದಕನ ಸರದಿ ಬಂದೊಡನೆ ತಂಡ ಏಳನ್ನು ಬಿಟ್ಟು ನಾಲ್ಕಕ್ಕೆ ಇಳಿಯುತ್ತದೆ.

ಈ ಇಳಿತವನ್ನು ಗಮನದಲ್ಲಿಟ್ಟುಕೊಂಡರೆ ಪ್ರೊಗ್ರೆಸಿವ್ ರಾಕ್ ಎಂಬ ಪ್ರಕಾರ ತನ್ನ ಹಿಂದಿನವರಿಂದ ಏನನ್ನು ಪಡೆಯಿತು, ಏನನ್ನು ಬಿಟ್ಟಿತು ಎಂಬುದನ್ನು ಅರಿಯುವುದು ಸುಲಭ. ಈ ಕೊಡುಕೊಳ್ಳುವಿಕೆಯ ಕಥೆಯಲ್ಲಿ ಬೆಂಗಳೂರಿಗೂ ಒಂದು ಅಧ್ಯಾಯವಿದೆ. ಅದು ಕನ್ನಡದ ಓದುಗರಿಗೇ ಅಷ್ಟಾಗಿ ತಿಳಿದಿಲ್ಲ.

<b>ಎರವಲಿನ ಸಂಗೀತ</b>

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ಪ್ರಕಾರದ ಪ್ರಮುಖ ತಂಡಗಳೆಂದರೆ ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ಜೆಥ್ರೊ ಟಲ್, ಎಮರ್ಸನ್ ಲೇಕ್ ಅಂಡ್ ಪಾಮರ್ ಮುಂತಾದವು. ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮುರಿದು ಇಪ್ಪತ್ತು ನಿಮಿಷದ ರಚನೆಗಳನ್ನು ಮಾಡುವುದು, ಲಯ ಬದಲಿಸುವುದು, ಶಾಸ್ತ್ರೀಯ ಸಂಗೀತದಿಂದಲೂ ಜಾಝ್‌ನಿಂದಲೂ ಧಾರಾಳವಾಗಿ ಪಡೆಯುವುದು ಇವುಗಳ ಲಕ್ಷಣ. ಹೆಸರಿನಲ್ಲಿ ‘ಪ್ರಗತಿ’ ಇದ್ದರೂ ಕಣ್ಣು ಸದಾ ಹಿಂದಕ್ಕೇ ನೆಟ್ಟಿತ್ತೆಂದರೆ ತಪ್ಪಲ್ಲ. ಜೆಥ್ರೊ ಟಲ್ 1969ರಲ್ಲಿ ಬಾಕ್‌ನ ರಚನೆಯೊಂದನ್ನು ಕೊಳಲಿಗೆ ಅಳವಡಿಸಿಕೊಂಡಿತು. ಎಮರ್ಸನ್ ಲೇಕ್ ಅಂಡ್ ಪಾಮರ್ 1971ರಲ್ಲಿ ರಷ್ಯಾದ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ ಕೃತಿಯನ್ನೇ ಇಡೀ ಆಲ್ಬಮ್ ಆಗಿ ಹೊರತಂದಿತು.

ಸಾಲವನ್ನು ಒಪ್ಪಿಕೊಳ್ಳುವ ವಿಷಯದಲ್ಲಿ ಮಾತ್ರ ಎಲ್ಲರೂ ಎಲ್ಲ ಕಾಲದಲ್ಲೂ ಒಂದೇ ತೆರನಾಗಿರಲಿಲ್ಲ. ಇದೇ ತಂಡದ 1970ರ ಮೊದಲ ಆಲ್ಬಮ್‌ನಲ್ಲಿ ‘ದ ಬಾರ್ಬೇರಿಯನ್’ ಎಂಬ ರಚನೆಯಿದೆ. ಅದು ಹಂಗೇರಿಯ ಬೇಲಾ ಬಾರ್ಟೋಕ್‌ನ ಪಿಯಾನೋ ಕೃತಿಯೊಂದರ ರೂಪಾಂತರ. ಆರಂಭದ ಕೆಲವು ಮುದ್ರಣಗಳಲ್ಲಿ ಆತನ ಹೆಸರೇ ಇರಲಿಲ್ಲ, ಆಮೇಲೆ ಸೇರಿತು.

ಹೆಸರಿಗಿಂತ ಸೂಕ್ಷ್ಮವಾದ ನಷ್ಟವೂ ಒಂದುಂಟು. ಅಮೆರಿಕದ ಜಾಝ್ ಪಿಯಾನೋ ವಾದಕ ಡೇವ್ ಬ್ರೂಬೆಕ್ 1958ರ ಪ್ರವಾಸದಲ್ಲಿ ಟರ್ಕಿಯ ಬೀದಿ ವಾದ್ಯಗಾರರಿಂದ ಒಂಬತ್ತರ ಲಯವೊಂದನ್ನು ಕೇಳಿ, ಮರುವರ್ಷ ಅದರ ಮೇಲೆ ‘ಬ್ಲೂ ರೊಂಡೊ’ ರಚಿಸಿದರು. ಎರಡು, ಎರಡು, ಎರಡು, ಮೂರು ಎಂಬ ಅದರ ಒಳವಿಂಗಡಣೆಯೇ ಆ ರಚನೆಯ ಜೀವ. ಕೀತ್ ಎಮರ್ಸನ್ ತಮ್ಮ ಹಿಂದಿನ ತಂಡ ‘ದ ನೈಸ್’ನಲ್ಲಿ ಅದನ್ನು ನುಡಿಸುವಾಗ ಒಂಬತ್ತನ್ನು ನಾಲ್ಕಕ್ಕೆ ತಂದರು. ಸ್ವರ ಉಳಿಯಿತು, ಎಣಿಕೆ ಹೋಯಿತು. ಸಭಿಕರಿಗೆ ಅದು ಬಹುವಾಗಿ ಮೆಚ್ಚುಗೆಯಾಯಿತೆಂಬುದು ಬೇರೆ ಮಾತು.

<b>ಬೆಂಗಳೂರಿನ ಪಾಠಶಾಲೆ</b>

ಎಣಿಕೆಯನ್ನು ಕೈಬಿಡದೆ ಕಲಿಯಬೇಕೆಂದು ಹೊರಟವರು ಕೆಲವರಿದ್ದರು. ಮಹಾವಿಷ್ಣು ಆರ್ಕೆಸ್ಟ್ರಾದ ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆ ಅಭ್ಯಾಸ ಮಾಡಿದರು. ಬಳಿಕ ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಅವರೊಡನೆ ‘ಶಕ್ತಿ’ ಕಟ್ಟಿದರು. ಇದು ಎಲ್ಲರೂ ಬಲ್ಲ ಸಂಗತಿ.

ಅಷ್ಟು ಪ್ರಚಾರ ಪಡೆಯದ ಇನ್ನೊಂದು ಹಾದಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮೂಲಕ ಸಾಗುತ್ತದೆ. 1964ರಲ್ಲಿ ಆರಂಭಗೊಂಡ ಈ ಲಯವಾದ್ಯ ಶಾಲೆಯನ್ನು ಮುನ್ನಡೆಸಿದವರು ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ, ಅವರ ಪತ್ನಿ ಆರ್.ಎ. ರಮಾಮಣಿ ಹೆಸರಾಂತ ಗಾಯಕಿ. ಜರ್ಮನಿಯ ಮ್ಯೂನಿಕ್‌ನಲ್ಲಿ 1969ರಲ್ಲಿ ಕ್ರಿಶ್ಚಿಯನ್ ಬುರ್ಕಾರ್ಡ್ ಮೊದಲಾದವರು ಸ್ಥಾಪಿಸಿದ ‘ಎಂಬ್ರಿಯೊ’ ಎಂಬ ರಾಕ್ ತಂಡ 1978ರಲ್ಲಿ ಬಸ್ಸಿನಲ್ಲಿ ಹೊರಟು ಅಫ್ಘಾನಿಸ್ತಾನದ ಮಾರ್ಗವಾಗಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಸ್ಥಳೀಯ ಸಂಗೀತಗಾರರೊಡನೆ ಕುಳಿತು ನುಡಿಸುವುದೇ ಪ್ರವಾಸದ ಉದ್ದೇಶ. ‘ಎಂಬ್ರಿಯೊಸ್ ರೈಸೆ’ ಎಂಬ ಜೋಡಿ ಆಲ್ಬಮ್ ಆ ಯಾತ್ರೆಯ ಫಲ. 1980ರ ‘ಲೈಫ್’ ಆಲ್ಬಮ್ ಅಂತೂ ಬೆಂಗಳೂರಿನ ಈ ಶಾಲೆಯ ಕಲಾವಿದರ ಜೊತೆಗೂಡಿ ಮಾಡಿದ್ದು. ಎಂಬ್ರಿಯೊ ಜೊತೆ ಹಲವು ವರ್ಷ ನುಡಿಸಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ದಕ್ಷಿಣ ಭಾರತದಲ್ಲಿ ನಾಗಸ್ವರ ಅಭ್ಯಾಸ ಮಾಡಿದವರು. 1983ರಲ್ಲಿ ಅವರೂ ಬೆಂಗಳೂರಿನ ಈ ಬಳಗವೂ ಸೇರಿ ಜರ್ಮನಿಯ ಇಸಿಎಂ ಸಂಸ್ಥೆಗಾಗಿ ‘ಜ್ಯೋತಿ’ ಎಂಬ ಆಲ್ಬಮ್ ಮಾಡಿದರು.

ಹರಿವು ಒಂದೇ ದಿಕ್ಕಿನದ್ದೂ ಆಗಿರಲಿಲ್ಲ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಹೆಸರು ಮಾಡಿದ್ದ ‘ಹ್ಯೂಮನ್ ಬಾಂಡೇಜ್’ ರಾಕ್ ತಂಡದ ಡ್ರಮ್ಸ್ ವಾದಕ ರಮೇಶ್ ಶೋಥಮ್ ಇದೇ ಕಾಲೇಜಿನಲ್ಲಿ ತವಿಲ್ ಕಲಿತು, ಮುಂದೆ ಜರ್ಮನಿಯಲ್ಲಿ ನೆಲೆಸಿ ಯೂರೋಪಿನ ಜಾಝ್ ವಲಯದಲ್ಲಿ ಗಣ್ಯರೆನಿಸಿದರು. ರಾಕ್ ನುಡಿಸುತ್ತಿದ್ದ ಯುವಕನಿಗೆ ಪೂರ್ವಸೂರಿ ದೊರೆತದ್ದು ಲಂಡನ್ನಿನಲ್ಲಲ್ಲ, ತಾನಿದ್ದ ಊರಿನಲ್ಲೇ.

ಇಲ್ಲಿ ಕಲಿಯುವುದಕ್ಕೆ ಇದ್ದದ್ದಾದರೂ ಏನು? ಕೊನ್ನಕ್ಕೋಲಿನಲ್ಲಿ ಏಳು ಎಂದರೆ ‘ತಕಿಟ ತಕಧಿಮಿ’. ಮೂರು ಮತ್ತು ನಾಲ್ಕು. ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ, ಆಮೇಲೆ ವಾದ್ಯಕ್ಕೆ. ಪಾಶ್ಚಾತ್ಯ ಪ್ರೊಗ್ರೆಸಿವ್ ರಾಕ್‌ನಲ್ಲಿ ವೈವಿಧ್ಯ ಬೇಕೆಂದರೆ ತಾಳವನ್ನೇ ಬದಲಿಸುವುದು ವಾಡಿಕೆ. ಒಂದು ಸಾಲು ಏಳರಲ್ಲಿ, ಮುಂದಿನದು ನಾಲ್ಕರಲ್ಲಿ, ಅದರ ಮುಂದಿನದು ಐದರಲ್ಲಿ. ಕರ್ನಾಟಕ ಸಂಗೀತದ ತನಿ ಆವರ್ತನದಲ್ಲಿ ತಾಳ ಅಲುಗುವುದಿಲ್ಲ. ಅದರ ಒಳಗಿನ ನಡೆ ಒಡೆಯುತ್ತದೆ, ಮೂರಾಗುತ್ತದೆ, ಐದಾಗುತ್ತದೆ, ಎಲ್ಲಿಯೋ ತಪ್ಪಿದಂತೆ ತೋರಿ ಮುಕ್ತಾಯದ ಹೊತ್ತಿಗೆ ಸಮಕ್ಕೋ ಎಡುಪಿಗೋ ಕರಾರುವಾಕ್ಕಾಗಿ ಬಂದು ಸೇರುತ್ತದೆ. ಪಿಂಕ್ ಫ್ಲಾಯ್ಡ್‌ನಲ್ಲಿ ವಾದಕನಿಗಾಗಿ ತಾಳ ದಾರಿ ಬಿಟ್ಟುಕೊಟ್ಟಿತು. ಇಲ್ಲಿ ವಾದಕ ಎಷ್ಟೇ ದೊಡ್ಡವನಿದ್ದರೂ ತಾಳ ಬಿಟ್ಟುಕೊಡುವುದಿಲ್ಲ. ಒಂದು ಪದ್ಧತಿ ಮೇಲು, ಇನ್ನೊಂದು ಕೀಳು ಎಂದೇನೂ ಅಲ್ಲ. ಆದರೆ ಈ ವ್ಯತ್ಯಾಸ ತಿಳಿಯದೆ ರಾಗದ ನಾಲ್ಕು ಸ್ವರಗಳನ್ನು ಎತ್ತಿಕೊಂಡು ಡ್ರಮ್ಸ್ ಮೇಲೆ ಕೂರಿಸಿದರೆ ಅದನ್ನು ಪ್ರಭಾವ ಎನ್ನಲಾಗದು, ಅಲಂಕಾರ ಎನ್ನಬಹುದು.

<b>ಹಂಸನಾದಕ್ಕೆ ಗಿಟಾರ್ ಸಾಥ್</b>

ರಾಜ್ಯದ ಇಂದಿನ ತಂಡಗಳ ಪೈಕಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿರುವುದು 2003ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಅಗಮ್’. ತಂಡ ತನ್ನನ್ನು ಕರ್ನಾಟಕ ಸಂಗೀತದ ಪ್ರೊಗ್ರೆಸಿವ್ ರಾಕ್ ತಂಡವೆಂದೇ ಕರೆದುಕೊಳ್ಳುತ್ತದೆ. ಗಾಯಕ ಹಾಗೂ ಪಿಟೀಲು ವಾದಕ ಹರೀಶ್ ಶಿವರಾಮಕೃಷ್ಣನ್ ಸೇರಿದಂತೆ ಸದಸ್ಯರಲ್ಲಿ ಹಲವರು ತಂತ್ರಜ್ಞಾನ ಕ್ಷೇತ್ರದ ಉದ್ಯೋಗದ ಜೊತೆಗೇ ಸಂಗೀತ ನಡೆಸಿಕೊಂಡು ಬಂದವರು. 2007ರಲ್ಲಿ ಸನ್ ಟಿವಿಯ ಸ್ಪರ್ಧೆಯೊಂದನ್ನು ಗೆದ್ದ ತಂಡದ ಮೊದಲ ಆಲ್ಬಮ್ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ 2012ರಲ್ಲಿ ಬಂತು, ಎರಡನೆಯದು ‘ಎ ಡ್ರೀಮ್ ಟು ರಿಮೆಂಬರ್’ 2017ರಲ್ಲಿ.

ಮೊದಲ ಆಲ್ಬಮ್‌ನ ‘ಸ್ವಾನ್ಸ್ ಆಫ್ ಸರಸ್ವತಿ’ಗೆ ಆಧಾರ ತ್ಯಾಗರಾಜರ ‘ಬಂಟುರೀತಿ ಕೊಲು’. ರಾಮನ ಸನ್ನಿಧಿಯಲ್ಲಿ ಬಂಟನ ಕೆಲಸ ಬೇಡುವ ಕೃತಿಯಿದು. ಆ ಪದಕ್ಕೆ ಕರಾವಳಿಯ ಓದುಗರಿಗೆ ಅರ್ಥ ಹೇಳಬೇಕಾಗಿಲ್ಲ. ರಾಗ ಹಂಸನಾದ. ಇದರಲ್ಲಿ ಗಾಂಧಾರವಿಲ್ಲ ಎಂಬ ಅಂಶ ರಾಕ್ ಮಟ್ಟಿಗೆ ಬಹಳ ಮುಖ್ಯ. ಪಾಶ್ಚಾತ್ಯ ಸಂಗೀತದಲ್ಲಿ ಆಧಾರ ಸ್ವರದ ಮೇಲಿನ ಕಾರ್ಡ್ ಮೇಜರೋ ಮೈನರೋ ಎಂದು ನಿರ್ಧರಿಸುವುದು ಗಾಂಧಾರವೇ. ಅದನ್ನು ಬಿಟ್ಟು ಷಡ್ಜ ಪಂಚಮಗಳನ್ನಷ್ಟೇ ಒಟ್ಟಿಗೆ ನುಡಿಸಿದರೆ ಅದು ರಾಕ್ ಗಿಟಾರಿನ ಬುನಾದಿಯಾದ ಪವರ್ ಕಾರ್ಡ್. ತಂಬೂರಿಯ ಶ್ರುತಿಯೂ ಸಾಮಾನ್ಯವಾಗಿ ಅದೇ ಷಡ್ಜ ಪಂಚಮ! ಹಾಗಾಗಿ ಹಂಸನಾದಕ್ಕೆ ಗಿಟಾರಿನ ಅಬ್ಬರ ಒದಗಿದರೂ ರಾಗಕ್ಕೆ ಅನ್ಯಸ್ವರದ ಸೋಂಕು ತಗಲುವುದಿಲ್ಲ. ಎಲ್ಲ ರಾಗಗಳೂ ಇಷ್ಟು ಸಲೀಸಲ್ಲ. ಗಮಕವೇ ಜೀವಾಳವಾದ ತೋಡಿಯಂಥ ರಾಗಕ್ಕೆ ಕೀಬೋರ್ಡಿನ ಕಾರ್ಡ್ ಕಟ್ಟಿದರೆ ಕಂಪಿಸಬೇಕಾದ ಸ್ವರ ಮೊಳೆ ಹೊಡೆದಂತೆ ನಿಂತುಬಿಡುತ್ತದೆ.

ಸ್ವಾತಿ ತಿರುನಾಳರ ಧನಶ್ರೀ ತಿಲ್ಲಾನವನ್ನೂ ಅಗಮ್ ರಾಕ್ ಆಗಿಸಿದೆ. ತಿಲ್ಲಾನ ಹುಟ್ಟಿನಿಂದಲೇ ಜತಿಗಳ ಆಟವಾದುದರಿಂದ ಡ್ರಮ್ಸ್ ಅಲ್ಲಿ ಅತಿಥಿಯಂತೆ ಕೇಳಿಸುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿ ಎಳೆದೇ ಗಮಕ ಮೂಡಿಸುವ ಬಗೆಯನ್ನು ತೋರಿದ್ದು ಕೊಚ್ಚಿಯ ‘ಮದರ್‌ಜೇನ್’ ತಂಡದ ಬೈಜು ಧರ್ಮಜನ್. ಅವರ 2008ರ ‘ಮಕ್ತೂಬ್’ ಕೇಳಬೇಕಾದ ಆಲ್ಬಮ್.

1996ರಲ್ಲಿ ಹುಟ್ಟಿದ ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಜಾಝ್ ಕಡೆ ವಾಲಿದ ಇಂಗ್ಲಿಷ್ ತಂಡ. ಅದರದು ಬೇರೆಯೇ ವಂಶಾವಳಿ.

<b>ಅಂಕಿತ ಎಲ್ಲಿ ಹೋಯಿತು?</b>

ಬಾರ್ಟೋಕ್ ಹೆಸರು ಬಿಟ್ಟುಹೋದದ್ದು ಆಲ್ಬಮ್ಮಿನ ಹೊದಿಕೆಯಿಂದ. ನಮ್ಮಲ್ಲಿ ಕರ್ತೃವಿನ ಗುರುತು ಇರುವುದು ಹೊದಿಕೆಯ ಮೇಲಲ್ಲ, ಹಾಡಿನ ಒಳಗೆ. ತ್ಯಾಗರಾಜರ ಮುದ್ರೆ ಸಾಮಾನ್ಯವಾಗಿ ಚರಣದ ಕೊನೆಯಲ್ಲಿ ಬರುತ್ತದೆ. ದಾಸರ ಪದಗಳಲ್ಲೂ ಹಾಗೆಯೇ: ಪುರಂದರ ವಿಠಲ, ಕನಕದಾಸರ ಕಾಗಿನೆಲೆಯಾದಿಕೇಶವ, ಉಡುಪಿಯಲ್ಲಿ ಎರಡು ವರ್ಷದ ಪರ್ಯಾಯ ಪದ್ಧತಿ ತಂದ ವಾದಿರಾಜರ ಹಯವದನ. ಸಂತ ಶಿಶುನಾಳ ಶರೀಫರು ತಮ್ಮ ಗುರುತನ್ನು ಶಿಶುನಾಳಾಧೀಶನಲ್ಲಿ ಇರಿಸಿದರು. ಹಾಡನ್ನು ಪೂರ್ತಿ ಹಾಡಿದರೆ ಋಣ ತಾನಾಗಿ ಸಂದಾಯವಾಗುವ ಏರ್ಪಾಡಿದು. ಪಲ್ಲವಿಯನ್ನಷ್ಟೇ ಹಿಡಿದು ಗಿಟಾರಿಗೆ ಬಿಟ್ಟುಕೊಟ್ಟರೆ ಉದುರುವುದು ಮೊದಲು ಈ ಅಂಕಿತವೇ. ಕಾಲೇಜು ಉತ್ಸವಗಳ ವೇದಿಕೆಯಲ್ಲಿ ಇಂದು ಇದು ಸರ್ವೇಸಾಮಾನ್ಯ. ಸಮಯದ ಮಿತಿ ಎಂಬ ಸಮರ್ಥನೆ ಇರಬಹುದು. ಇಪ್ಪತ್ತು ನಿಮಿಷದ ರಚನೆಗಳಿಗೆ ಹೆಸರಾದ ಪ್ರಕಾರಕ್ಕೆ ಅದು ಒಪ್ಪುವುದಿಲ್ಲ.

ನಡುವಿನ ತಲೆಮಾರು ಮರೆಯಾಗುವುದೂ ಉಂಟು. ರಘು ದೀಕ್ಷಿತ್ 2008ರಲ್ಲಿ ಶರೀಫರ ಪದಗಳನ್ನು ಜಾನಪದ ರಾಕ್ ಧಾಟಿಯಲ್ಲಿ ಹಾಡಿ ಹೊಸ ಕೇಳುಗರನ್ನು ಗಳಿಸಿದರು. ನಗರದ ಕಿವಿಗಳಿಗೆ ಅದಕ್ಕೂ ಮೊದಲೇ ಶರೀಫರನ್ನು ಮುಟ್ಟಿಸಿದ್ದ ಸಿ. ಅಶ್ವತ್ಥರ ಗಾಯನ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಅವರ ಸಂಗೀತ ಈ ಲೆಕ್ಕದಲ್ಲಿ ಸೇರಲೇಬೇಕು.

ಕ್ರಿಶ್ಚಿಯನ್ ಬುರ್ಕಾರ್ಡ್ 2018ರಲ್ಲಿ ತೀರಿಕೊಂಡರು. ಎಂಬ್ರಿಯೊ ನಿಂತಿಲ್ಲ, ಮಗಳು ಮಾರ್ಯಾ ಬುರ್ಕಾರ್ಡ್ ಅದನ್ನು ಮುನ್ನಡೆಸುತ್ತಿದ್ದಾರೆ. ಈ ಸಂಗೀತಕ್ಕೆ ಹೊಸಬರಾದವರು ‘ಜ್ಯೋತಿ’ಯಿಂದ ಆರಂಭಿಸುವುದು ಒಳಿತು: ಅದರಲ್ಲಿ ಗಿಟಾರಿಲ್ಲ, ಡ್ರಮ್ಸ್ ಇಲ್ಲ, ರಮಾಮಣಿಯವರ ಕಂಠ, ಮರಿಯಾನೊ ಅವರ ಸ್ಯಾಕ್ಸೊಫೋನ್ ಹಾಗೂ ಕೊಳಲು, ಮೃದಂಗ, ಘಟ, ಮೋರ್ಚಿಂಗ್, ಖಂಜಿರ ಇಷ್ಟೇ. ಅದಾದ ಮೇಲೆ ಅಗಮ್ ಕೇಳಿದರೆ ಡ್ರಮ್ಸ್ ಎಲ್ಲಿ ಮೃದಂಗದ ಮಾತನ್ನಾಡುತ್ತದೆ, ಎಲ್ಲಿ ತನ್ನದೇ ಮಾತನ್ನಾಡುತ್ತದೆ ಎಂಬುದು ಕಿವಿಗೆ ಬೇಗ ಸಿಗುತ್ತದೆ.