ಇಂಗ್ಲಿಷ್ ಕಲಿಕೆಯಲ್ಲಿ ಆಟ ಮತ್ತು ನಗು: ಒಂದು ಇತಿಹಾಸ ನೋಟ

ಇಂಗ್ಲಿಷ್ ಅವಧಿಯಲ್ಲಿ ಮಕ್ಕಳ ನಗು ಹೊರಗೆ ಕೇಳಿಸಿದರೆ ಅಲ್ಲಿ ಪಾಠ ನಡೆಯುತ್ತಿಲ್ಲ ಎಂದು ತೀರ್ಮಾನಿಸುವವರು ನಮ್ಮಲ್ಲಿ ಬಹಳ. ಭಾಷಾಬೋಧನೆಯ ಇತಿಹಾಸವನ್ನು ತೆರೆದು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಆಟವಾಗಲಿ ಹಾಸ್ಯವಾಗಲಿ ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ.

ಹದಿನೇಳನೇ ಶತಮಾನದ ಯೂರೋಪಿನಲ್ಲಿ ಮಕ್ಕಳನ್ನು ಹೆದರಿಸುತ್ತಿದ್ದ ಪರಭಾಷೆ ಲ್ಯಾಟಿನ್. ಮೊರೇವಿಯಾದ ಶಿಕ್ಷಣತಜ್ಞ ಕೊಮೇನಿಯಸ್ ಹಂಗೇರಿಯ ಶಾಲೆಯೊಂದರಲ್ಲಿದ್ದಾಗ ಲ್ಯಾಟಿನ್ ಪಾಠಗಳನ್ನೇ ನಾಟಕಗಳಾಗಿಸಿ ವಿದ್ಯಾರ್ಥಿಗಳಿಂದ ಆಡಿಸಿದರು. 1658ರಲ್ಲಿ ಬಂದ ಅವರ ಚಿತ್ರಪುಸ್ತಕ ‘ಓರ್ಬಿಸ್ ಪಿಕ್ಟಸ್’ ಅಕ್ಷರಗಳನ್ನು ಕಲಿಸಿದ್ದು ಕಾಗೆ, ಕುರಿಮರಿ, ಬೆಕ್ಕುಗಳ ಕೂಗಿನಿಂದ. ಮರುವರ್ಷವೇ ಚಾರ್ಲ್ಸ್ ಹೂಲ್ ಅದನ್ನು ಇಂಗ್ಲಿಷಿಗೆ ತಂದರು. ಬೆಕ್ಕಿನಂತೆ ಕೂಗಿ ಅಕ್ಷರ ಕಲಿತ ಮಗು ನಗದೆ ಇದ್ದೀತೇ?

ನಮ್ಮ ದೇಶದಲ್ಲಿ ಇದರ ತಿರುವು ಮುರುವು ನಡೆಯಿತು. 1800ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಂಪೆನಿಯ ಯುವ ಅಧಿಕಾರಿಗಳು ಹಿಂದೂಸ್ತಾನಿ ಕಲಿಯಬೇಕಿತ್ತು. ಅಲ್ಲಿನ ಲಲ್ಲೂ ಲಾಲ್ ಅವರು 1810ರಲ್ಲಿ ‘ಲತಾಯಿಫ್-ಎ-ಹಿಂದಿ’ ಎಂಬ ಹಾಸ್ಯಪ್ರಸಂಗಗಳ ಸಂಗ್ರಹವನ್ನು ಹೊರತಂದರು. ಆಳಲು ಬಂದವರಿಗೂ ಭಾಷೆ ಕಲಿಯಲು ನಗೆಹನಿ ಬೇಕಾಯಿತು!

ಇಪ್ಪತ್ತನೇ ಶತಮಾನದಲ್ಲಿ ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವುದೇ ಒಂದು ಶಾಸ್ತ್ರವಾಯಿತು. 1922ರಲ್ಲಿ ಜಪಾನಿಗೆ ಹೋದ ಹೆರಾಲ್ಡ್ ಪಾಮರ್ ‘ಎದ್ದು ನಿಲ್ಲು, ಬಾಗಿಲ ಬಳಿ ಹೋಗು’ ಎಂಬಂಥ ಆಜ್ಞೆಗಳ ಮೂಲಕ ಕಲಿಸುವ ಕ್ರಮವನ್ನು ಬೆಳೆಸಿದರು. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಇಂಥದೇ ವಿಧಾನವನ್ನು ಪ್ರಯೋಗಗಳಿಂದ ಪರೀಕ್ಷಿಸಿದರು. ಅದರಲ್ಲಿ ಕಲಿಯುವವನು ಮೊದಲು ಕೇಳಿ, ಮೈಯಿಂದ ಉತ್ತರಿಸುತ್ತಾನೆ, ಮಾತಿಗೆ ಅವಸರವಿಲ್ಲ. 1965ರಲ್ಲಿ ಡಬ್ಲ್ಯು. ಆರ್. ಲೀ ಅವರು ಭಾಷಾ ಆಟಗಳದೇ ಒಂದು ಪುಸ್ತಕ ಬರೆದರು. 1978ರಲ್ಲಿ ಕ್ಯಾರೊಲಿನ್ ಗ್ರಹಾಂ ಜಾಜ್ ಸಂಗೀತದ ತಾಳಕ್ಕೆ ಆಡುಮಾತಿನ ಇಂಗ್ಲಿಷನ್ನು ಹೊಂದಿಸಿದರು. ಭಯ, ಸಂಕೋಚಗಳು ಅಡ್ಡಗೋಡೆಯಾಗಿ ನಿಂತರೆ ಕೇಳಿದ ಭಾಷೆ ಒಳಗಿಳಿಯದು ಎಂದು ಸ್ಟೀಫನ್ ಕ್ರಾಶನ್ 1982ರ ತಮ್ಮ ಪುಸ್ತಕದಲ್ಲಿ ವಾದಿಸಿದರು.

ನಮ್ಮ ಬೆಂಗಳೂರಿಗೂ ಈ ಇತಿಹಾಸದಲ್ಲಿ ಸ್ಥಾನವಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿಗೆ ಪರಿಚಿತ. ವ್ಯಾಕರಣದ ಪಟ್ಟಿಯ ಬದಲು ರೈಲು ವೇಳಾಪಟ್ಟಿ, ನಕ್ಷೆ, ಲೆಕ್ಕದ ಒಗಟುಗಳನ್ನು ಮಕ್ಕಳ ಮುಂದಿಟ್ಟರು. ಇವು ನಗಿಸುವ ಆಟಗಳಲ್ಲ, ಯೋಚಿಸಲು ಹಚ್ಚುವ ಕೆಲಸಗಳು. ಆದರೂ ಆಟದ ಗುಟ್ಟು ಇಲ್ಲಿಯೂ ಇದೆ: ಮನಸ್ಸು ಒಗಟಿನ ಮೇಲಿರುವಾಗ ಭಾಷೆ ತಾನಾಗಿ ಕೈಗೆ ಹತ್ತುತ್ತದೆ.

ಓದುಗರೇ, ಇದೆಲ್ಲ ನಮಗೇಕೆ? ಉರ್ದು ಮಾಧ್ಯಮದ ಮಗುವಿಗೆ ಇಂಗ್ಲಿಷ್ ಎಂಬುದು ಉರ್ದು, ಕನ್ನಡಗಳ ನಂತರದ ಭಾಷೆ. ಅನೇಕ ಮನೆಗಳಲ್ಲಿ ಅದನ್ನಾಡುವವರೇ ಇಲ್ಲ. ಆ ಮಗು ‘ಸ್ಕೂಲ್’ ಎನ್ನಲು ಹೋಗಿ ‘ಇಸ್ಕೂಲ್’ ಎಂದಾಗ ತರಗತಿಯೆಲ್ಲ ನಕ್ಕರೆ ಅದು ಹಾಸ್ಯವಲ್ಲ, ಅವಮಾನ. ಅಂದು ಬಾಯಿ ಮುಚ್ಚಿದ ಮಗು ಎಸ್.ಎಸ್.ಎಲ್.ಸಿ.ವರೆಗೂ ಬಾಯಿ ತೆರೆಯದಿರಬಹುದು. ಇಂಗ್ಲಿಷಿನ ಭಯದಿಂದಲೇ ಓದು ಬಿಡಲೂಬಹುದು. ಮಗುವನ್ನು ನೋಡಿ ನಗುವುದು ಬೇರೆ, ಮಗುವಿನೊಡನೆ ನಗುವುದು ಬೇರೆ.

ಆಟಕ್ಕೆ ಹಣ ಬೇಕಿಲ್ಲ. ‘ಇಪ್ಪತ್ತು ಪ್ರಶ್ನೆ’ ಆಟವನ್ನೇ ನೋಡಿ. ಒಬ್ಬ ವಿದ್ಯಾರ್ಥಿ ಒಂದು ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ಉಳಿದವರು ‘ಈಸ್ ಇಟ್ ಬಿಗ್?’ ‘ಈಸ್ ಇಟ್ ರೆಡ್?’ ಎಂದು ಕೇಳಿ ಕಂಡುಹಿಡಿಯಬೇಕು. ಹಲಗೆಯ ಮೇಲೆ ಬರೆದು ಇಪ್ಪತ್ತು ಸಲ ಹೇಳಿಸಿದರೆ ಬೇಸರವಾಗುವ ವಾಕ್ಯವನ್ನೇ ಮಕ್ಕಳು ಇಲ್ಲಿ ಉತ್ಸಾಹದಿಂದ ಕೇಳುತ್ತಾರೆ. ಆದರೆ ಆಟಕ್ಕೊಂದು ಗುರಿ ಇರಲಿ, ಕೊನೆಯಲ್ಲಿ ಕಲಿತ ವಾಕ್ಯ ನೋಟ್ ಪುಸ್ತಕಕ್ಕೆ ಇಳಿಯಲಿ. ಆಟವೇ ಪಾಠವೆಲ್ಲ ಆಗಬೇಕಿಲ್ಲ, ಹತ್ತು ನಿಮಿಷ ಸಾಕು.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ, ಪಾಲಕರಲ್ಲಿ ಒಂದು ವಿನಂತಿ: ಇಂಗ್ಲಿಷ್ ತರಗತಿಯಿಂದ ನಗು ಕೇಳಿಬಂದರೆ ಗದರಿಸುವ ಮೊದಲು ಒಂದು ಕ್ಷಣ ಬಾಗಿಲ ಬಳಿ ನಿಂತು ಆಲಿಸಿ. ಆ ನಗುವಿನ ನಡುವೆ ಇಂಗ್ಲಿಷ್ ಮಾತೂ ಕೇಳಿಸುತ್ತಿದ್ದರೆ ಪಾಠ ಸರಿಯಾಗಿಯೇ ನಡೆಯುತ್ತಿದೆ ಎಂದು ತಿಳಿಯಿರಿ.