ಸ್ಫುಟತೆಯ ಎರಡು ಕಂಟಕಗಳು: ವೇಗದ ಛಾಯಾಚಿತ್ರಣ ನಡೆದು ಬಂದ ದಾರಿ

ಚಲಿಸುವ ದೇಹವನ್ನು ಸ್ಫುಟವಾಗಿ ಸೆರೆಹಿಡಿಯುವ ಕಲೆಯು ಒಂದೂವರೆ ಶತಮಾನದಲ್ಲಿ ವೇಗದ ತೊಡಕನ್ನು ಬಹುಮಟ್ಟಿಗೆ ಬಿಡಿಸಿಕೊಂಡಿದೆಯಾದರೂ, ತೆಗೆದ ಚಿತ್ರವನ್ನು ಕೆಡದಂತೆ ನೋಡುಗರಿಗೆ ತಲುಪಿಸುವ ಹೊಸ ತೊಡಕಿಗೆ ಇನ್ನೂ ತಕ್ಕ ಗಮನ ಸಿಕ್ಕಿಲ್ಲ. ಮೂಲ್ಕಿಯ ಕಡಲಿನಲ್ಲಿ ಅಲೆಯೇರುವ ಸರ್ಫರ್‌ಗೂ ಮುಧೋಳದ ಬಯಲಿನಲ್ಲಿ ಓಡುವ ಬೇಟೆನಾಯಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ಇರಿಸಿ, ಓಡುವ ಕುದುರೆಯ ನಾಲ್ಕೂ ಗೊರಸುಗಳು ನೆಲಬಿಟ್ಟ ಗಳಿಗೆಯನ್ನು ತೋರಿಸಿದಾಗ, ಕಣ್ಣಿಗೆ ನಿಲುಕದ್ದು ಚಿತ್ರಕ್ಕೆ ನಿಲುಕಿತು. ಕಡಲಿನಲ್ಲಿ ಈ ಕೆಲಸ ತಡವಾಗಿ ಶುರುವಾಯಿತು. ಸರ್ಫರ್ ಟಾಮ್ ಬ್ಲೇಕ್ ನೀರು ನುಗ್ಗದ ಪೆಟ್ಟಿಗೆಯಲ್ಲಿ ಕ್ಯಾಮೆರಾವನ್ನು ಇರಿಸಿಕೊಂಡು ಹವಾಯಿಯ ಅಲೆಗಳ ನಡುವೆಯೇ ತೆಗೆದ ಚಿತ್ರಗಳನ್ನು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1935ರಲ್ಲಿ ಪ್ರಕಟಿಸಿತು. 1963ರಲ್ಲಿ ಬಂದ, ತನ್ನೊಳಗೇ ನೀರು ನುಗ್ಗದ ನಿಕಾನೋಸ್ ಕ್ಯಾಮೆರಾ ಆ ಪೆಟ್ಟಿಗೆಯ ಹಂಗನ್ನೇ ತಪ್ಪಿಸಿತು.

ವೇಗದ ತೊಡಕನ್ನು ಬಿಡಿಸುವುದು ಕ್ಯಾಮೆರಾದ ಷಟರ್, ಎಂದರೆ ಬೆಳಕನ್ನು ನಿಗದಿತ ಅವಧಿಗೆ ಮಾತ್ರ ಒಳಬಿಡುವ ತೆರೆ. ಗಂಟೆಗೆ 36 ಕಿ.ಮೀ. ವೇಗದ ದೇಹವು ಸೆಕೆಂಡಿಗೆ 10 ಮೀಟರ್ ಸಾಗುವುದರಿಂದ, ಷಟರ್ ಸೆಕೆಂಡಿನ ನೂರರಲ್ಲೊಂದು ಭಾಗ ತೆರೆದಿದ್ದರೆ ಅದು 10 ಸೆಂ.ಮೀ. ಸರಿದಿರುತ್ತದೆ, ಎರಡು ಸಾವಿರದಲ್ಲೊಂದು ಭಾಗ ತೆರೆದಿದ್ದರೆ ಕೇವಲ 5 ಮಿ.ಮೀ. ಸರಿದಿರುತ್ತದೆ. ಇಷ್ಟು ಕಿರಿದಾದ ಅವಧಿಗೆ ಹೇರಳ ಬೆಳಕು ಬೇಕು. ಪಡುವಣಕ್ಕೆ ಮುಖಮಾಡಿದ ಕರಾವಳಿಯಲ್ಲಿ ಬೆಳಗಿನ ಸೂರ್ಯ ಛಾಯಾಗ್ರಾಹಕನ ಬೆನ್ನಿಗಿದ್ದು ಸರ್ಫರ್‌ನ ಮುಖ ಬೆಳಗುತ್ತದೆ. ಸಂಜೆ ಅದೇ ದೇಹ ಕಪ್ಪು ಆಕೃತಿಯಾಗುತ್ತದೆ. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಗಿ, 2016ರಲ್ಲಿ ಸಸಿಹಿತ್ಲು ತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದ ಮೇಲೆ, ಇಂಥ ಅರಿವಿಗೆ ಕನ್ನಡ ನಾಡಿನಲ್ಲೇ ನೆಲೆ ದೊರೆಯಿತು.

ಕಡಲಿಲ್ಲದ ಬಾಗಲಕೋಟೆ ಸೀಮೆಗೂ ವೇಗವನ್ನು ಸೆರೆಹಿಡಿಯುವ ಈ ಕಲೆ ಹೊರಗಿನ ವಿದ್ಯೆಯಲ್ಲ. 2005ರ ಅಂಚೆಚೀಟಿಯಲ್ಲಿ ಕಾಣಿಸಿಕೊಂಡ ಮುಧೋಳ ನಾಯಿ ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿ ಚಾಚುವುದನ್ನು ಹಿಡಿಯಬೇಕಾದರೆ, ಕ್ಯಾಮೆರಾವನ್ನು ಅದರ ಎತ್ತರಕ್ಕೆ ತಗ್ಗಿಸಿ, ಓಟದ ಜೊತೆಜೊತೆಗೇ ತಿರುಗಿಸಬೇಕಾಗುತ್ತದೆ. ಜಮಖಂಡಿ, ಬೀಳಗಿ ಕಡೆಯ ತೆರಬಂಡಿ ಸ್ಪರ್ಧೆಗಳಲ್ಲಿ ಎತ್ತುಗಳ ಕಾಲಡಿಯಿಂದ ಏಳುವ ಧೂಳು, ಅಲೆಯ ತುಂತುರಿನಂತೆಯೇ, ತಾನೇ ನೋಟ ಹೊಂದಿಸುವ ಕ್ಯಾಮೆರಾವನ್ನು ದಾರಿತಪ್ಪಿಸುತ್ತದೆ.

ಎರಡನೆಯ ಕಂಟಕ ಇರುವುದು ರವಾನೆಯಲ್ಲಿ. 1992ರಲ್ಲಿ ರೂಪುಗೊಂಡ ಜೆಪೆಗ್ ವಿಧಾನವು ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಕಣ್ಣು ಸುಲಭವಾಗಿ ಗುರುತಿಸದ ಸೂಕ್ಷ್ಮ ಏರಿಳಿತಗಳನ್ನು ಕೈಬಿಟ್ಟು ಕಡತವನ್ನು ಹಗುರಗೊಳಿಸುತ್ತದೆ. ತುಂತುರು, ಧೂಳು, ನಾಯಿಯ ಕೂದಲು ಇವೆಲ್ಲ ಅಂಥ ಸೂಕ್ಷ್ಮಗಳೇ ಆದ್ದರಿಂದ, ಚಿತ್ರಕ್ಕೆ ಜೀವ ತುಂಬಿದ ಅಂಶವೇ ಮೊದಲು ಅಳಿಯುತ್ತದೆ. 6000 ಬಿಂದು ಅಗಲ, 4000 ಬಿಂದು ಎತ್ತರದ ಚಿತ್ರವನ್ನು ವಾಟ್ಸ್‌ಆ್ಯಪ್ ಸುಮಾರು 1600 ಬಿಂದುಗಳ ಅಗಲಕ್ಕೆ ಇಳಿಸಿದಾಗ, ಮೂಲದ ಹದಿನಾಲ್ಕರಲ್ಲೊಂದು ಪಾಲಷ್ಟೇ ಉಳಿಯುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಈ ನಷ್ಟವನ್ನು ತಗ್ಗಿಸಿತೇ ಹೊರತು ನಿವಾರಿಸಲಿಲ್ಲ.

ಆದ್ದರಿಂದ ಜಾಲತಾಣ ಬಯಸುವ ಅಳತೆಗೆ ಚಿತ್ರವನ್ನು ಮೊದಲೇ ಕುಗ್ಗಿಸಿ, ಅನಂತರವೇ ಅಂಚುಗಳನ್ನು ಹಿತವಾಗಿ ಚುರುಕುಗೊಳಿಸುವುದು ಸರಿಯಾದ ಕ್ರಮ. ಇದನ್ನು ಹಿಂದುಮುಂದು ಮಾಡಿದರೆ ಚುರುಕುಗೊಳಿಸಿದ ಶ್ರಮ ಕುಗ್ಗಿಸುವಾಗಲೇ ಕರಗಿಹೋಗುತ್ತದೆ. ಅತಿಮಾಡಿದರೆ ದೇಹದ ಸುತ್ತ ಬಿಳಿಯ ಗೆರೆ ಮೂಡುತ್ತದೆ. ಮಾರಾಟಕ್ಕಾಗಿ ಚಿತ್ರ ತೆಗೆದ ರಬಕವಿ-ಬನಹಟ್ಟಿಯ ಸೀರೆಗಳ ಸಣ್ಣ ಚೌಕಳಿಯು ಕುಗ್ಗಿಸಿದ ಚಿತ್ರದಲ್ಲಿ ನೇಯ್ಗೆಯಲ್ಲಿಲ್ಲದ ಅಲೆಪಟ್ಟೆಗಳನ್ನು ಮೂಡಿಸುವುದೂ ಇದೇ ಅಳತೆಯ ಸಮಸ್ಯೆಯೇ ಆಗಿದ್ದು, ಅಲ್ಲಿ ಇಡೀ ಸೀರೆಯ ಚಿತ್ರದೊಂದಿಗೆ ಸೆರಗಿನ ಒಂದು ಭಾಗವನ್ನು ಹತ್ತಿರದಿಂದ ತೆಗೆದು, ಫೋಟೊ ಆಗಿ ಅಲ್ಲದೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ನೂಲಿನ ಎಳೆಗಳು ಕೊಳ್ಳುವವರಿಗೆ ಇದ್ದಂತೆಯೇ ತಲುಪುತ್ತವೆ.