ಕತ್ತರಿ ಒಂದೆಡೆ, ಹೊಲಿಗೆ ಇನ್ನೊಂದೆಡೆ: ಹೈಟಿಯ ಉಡುಪು ಉದ್ಯಮ ಮತ್ತು ಕಸುಬಿನ ಶಿಕ್ಷಣ

ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದ ಪಶ್ಚಿಮ ಭಾಗದಲ್ಲಿರುವ ಹೈಟಿ ದೇಶವನ್ನು 2010ರ ಜನವರಿ 12ರಂದು 7.0 ತೀವ್ರತೆಯ ಭೂಕಂಪ ನೆಲಕಚ್ಚಿಸಿದ ಮೇಲೆ, ನೆರವು ನೀಡಲು ಮುಂದಾದ ರಾಷ್ಟ್ರಗಳೂ ಬ್ಯಾಂಕುಗಳೂ ಪುನರ್ನಿರ್ಮಾಣದ ಮುಖ್ಯ ಸಾಧನವೆಂದು ಮುಂದಿಟ್ಟದ್ದು ಸಿದ್ಧ ಉಡುಪಿನ ಕಾರ್ಖಾನೆಗಳನ್ನು ಮತ್ತು ಅವುಗಳಿಗೆ ಬೇಕಾದ ಹೊಲಿಗೆ ತರಬೇತಿಯನ್ನು. ಈ ಯೋಜನೆಯನ್ನು ಹೊಸ ಆರಂಭವೆಂಬಂತೆ ಬಣ್ಣಿಸಲಾಯಿತಾದರೂ ಅದರ ಬೇರುಗಳು ಒಂದು ಶತಮಾನದಷ್ಟು ಹಿಂದಕ್ಕೆ ಚಾಚಿಕೊಂಡಿವೆ. ಹೈಟಿಯ ಜನರಿಗೆ ಯಾವ ಕೆಲಸವನ್ನು ಕಲಿಸಬೇಕು, ಎಷ್ಟರ ಮಟ್ಟಿಗೆ ಕಲಿಸಬೇಕು ಎಂಬುದನ್ನು ಈ ಅವಧಿಯುದ್ದಕ್ಕೂ ಹೆಚ್ಚಾಗಿ ನಿರ್ಧರಿಸಿದವರು ಹೊರಗಿನವರು; ಆದ್ದರಿಂದ ಆ ದೇಶದ ಕಸುಬಿನ ಶಿಕ್ಷಣದ ಇತಿಹಾಸವನ್ನು ಓದುವಾಗ ಕಲಿಸಿದ್ದೆಷ್ಟು ಎಂಬುದಕ್ಕಿಂತ ಕಲಿಸದೆ ಬಿಟ್ಟದ್ದೇನು ಎಂಬ ಪ್ರಶ್ನೆಯೇ ಹೆಚ್ಚು ಬೆಳಕು ಚೆಲ್ಲುತ್ತದೆ.

ಗುಲಾಮರ ದಂಗೆಯ ಮೂಲಕ 1804ರಲ್ಲಿ ಸ್ವತಂತ್ರವಾದ ಹೈಟಿ, ತನ್ನನ್ನು ಆಳಿದ ಫ್ರಾನ್ಸಿಗೇ 1825ರಲ್ಲಿ 15 ಕೋಟಿ ಫ್ರಾಂಕ್ ಪರಿಹಾರ ತೆರಲು ಒಪ್ಪಬೇಕಾಯಿತು. ಈ ಮೊತ್ತವನ್ನು 1838ರಲ್ಲಿ 9 ಕೋಟಿಗೆ ಇಳಿಸಲಾಯಿತಾದರೂ, ಅದಕ್ಕಾಗಿ ಮಾಡಿದ ಸಾಲದ ಹೊರೆ ಶಾಲೆ, ರಸ್ತೆ, ಬಂದರುಗಳಿಗೆ ಸಲ್ಲಬೇಕಾಗಿದ್ದ ಹಣವನ್ನು ತಲೆಮಾರುಗಳ ಕಾಲ ನುಂಗಿತು. 1915ರಲ್ಲಿ ಅಮೆರಿಕದ ನೌಕಾಪಡೆ ದೇಶವನ್ನು ವಶಪಡಿಸಿಕೊಂಡು 1934ರವರೆಗೆ ಆಳಿದಾಗ, ಫ್ರೆಂಚ್ ಮಾದರಿಯ ಸಾಹಿತ್ಯಕ ಶಿಕ್ಷಣದಿಂದ ದೇಶಕ್ಕೆ ಪ್ರಯೋಜನವಿಲ್ಲ, ಜನರಿಗೆ ಬೇಕಾಗಿರುವುದು ಕೈಕೆಲಸ ಎಂಬ ನಿಲುವು ಆಡಳಿತದ ನೀತಿಯೇ ಆಯಿತು. ಈ ನೀತಿಯನ್ನು ಜಾರಿಗೊಳಿಸಲು ಕೃಷಿ ಮತ್ತು ವೃತ್ತಿ ಶಿಕ್ಷಣಕ್ಕಾಗಿ 'ಸೆರ್ವಿಸ್ ಟೆಕ್ನಿಕ್' ಎಂಬ ಇಲಾಖೆಯನ್ನು 1920ರ ದಶಕದಲ್ಲಿ ಸ್ಥಾಪಿಸಿ, ಅದರ ಮುಖ್ಯಸ್ಥನನ್ನಾಗಿ ಜಾರ್ಜ್ ಫ್ರೀಮನ್ ಎಂಬ ಅಮೆರಿಕನ್ ತಜ್ಞನನ್ನು ನೇಮಿಸಲಾಯಿತು. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಹೊರವಲಯದ ಡಾಮಿಯೆನ್‌ನಲ್ಲಿ ಅದರ ಕೇಂದ್ರ ಶಾಲೆ ತಲೆಯೆತ್ತಿತು.

ಕೈಕೆಲಸದ ಶಿಕ್ಷಣ ಸ್ವತಃ ತಪ್ಪಾದ ವಿಚಾರವೇನಲ್ಲ. ಬಹುಸಂಖ್ಯಾತರು ಬೇಸಾಯಗಾರರಾಗಿದ್ದ ದೇಶದಲ್ಲಿ ಅದರ ಅಗತ್ಯ ನಿಜವಾಗಿಯೂ ಇತ್ತು. ಆದರೆ ದುಬಾರಿ ಸಂಬಳದ ಮೇಲೆ ಕರೆತಂದ ಅಮೆರಿಕನ್ ಬೋಧಕರಲ್ಲಿ ಅನೇಕರಿಗೆ ಫ್ರೆಂಚೂ ಬರುತ್ತಿರಲಿಲ್ಲ, ಜನಸಾಮಾನ್ಯರಾಡುವ ಕ್ರಿಯೋಲ್ ಭಾಷೆಯೂ ಬರುತ್ತಿರಲಿಲ್ಲ. ಪಾಠಗಳು ದುಭಾಷಿಗಳ ಮೂಲಕ ನಡೆಯುತ್ತಿದ್ದವು. ಹೊಸ ಇಲಾಖೆಗೆ ಹಣ ಧಾರಾಳವಾಗಿ ಹರಿಯುತ್ತಿದ್ದಾಗ ಹೈಟಿಯವರೇ ನಡೆಸುತ್ತಿದ್ದ ಶಾಲೆಗಳು ಸೊರಗುತ್ತಿದ್ದವು. 1929ರಲ್ಲಿ ಫ್ರೀಮನ್ ವಿದ್ಯಾರ್ಥಿವೇತನಕ್ಕೆ ಕತ್ತರಿ ಹಾಕಿದಾಗ ಡಾಮಿಯೆನ್ ಶಾಲೆಯ ವಿದ್ಯಾರ್ಥಿಗಳು ಅಕ್ಟೋಬರ್ 31ರಂದು ತರಗತಿಗಳಿಂದ ಹೊರನಡೆದರು. ಆ ಮುಷ್ಕರ ಇತರ ಶಾಲೆಗಳಿಗೂ ಸರ್ಕಾರಿ ನೌಕರರಿಗೂ ಹಬ್ಬಿ, ಡಿಸೆಂಬರ್ 6ರಂದು ದಕ್ಷಿಣದ ಮಾರ್ಶತೆರ್ ಎಂಬಲ್ಲಿ ಪ್ರತಿಭಟಿಸುತ್ತಿದ್ದ ರೈತರ ಮೇಲೆ ನೌಕಾಪಡೆ ಗುಂಡು ಹಾರಿಸುವುದರಲ್ಲಿ ಪರ್ಯವಸಾನವಾಯಿತು. ಮರುವರ್ಷ ಅಮೆರಿಕದ ಅಧ್ಯಕ್ಷರು ಕಳುಹಿಸಿದ ಫೋರ್ಬ್ಸ್ ಆಯೋಗವು ಸೇನೆಯ ವಾಪಸಾತಿಗೆ ದಾರಿ ಮಾಡಿಕೊಟ್ಟಿತು. ಶಿಕ್ಷಣವನ್ನಷ್ಟೇ ಪರಿಶೀಲಿಸಲು ಟಸ್ಕೀಗಿ ಸಂಸ್ಥೆಯ ಮುಖ್ಯಸ್ಥ ರಾಬರ್ಟ್ ಮೋಟನ್ ನೇತೃತ್ವದಲ್ಲಿ ಇನ್ನೊಂದು ಆಯೋಗ ಬಂದಿತು. ಒಂದು ದೇಶದ ವಿದೇಶೀ ಆಳ್ವಿಕೆಯ ಅಂತ್ಯಕ್ಕೆ ವೃತ್ತಿ ಶಿಕ್ಷಣದ ಶಾಲೆಯೊಂದರ ಮುಷ್ಕರ ನಾಂದಿಯಾದದ್ದು ಅಪರೂಪದ ಸಂಗತಿ. 2010ರ ನಂತರದ ಯೋಜನಾ ವರದಿಗಳನ್ನು ಬರೆದವರು ಇದನ್ನು ಗಮನಿಸಿದ್ದರೆ ಒಳಿತಾಗುತ್ತಿತ್ತು.

ಉಡುಪು ಉದ್ಯಮ ಹೈಟಿಗೆ ಕಾಲಿಟ್ಟದ್ದು ಡುವಾಲಿಯೆ ಮನೆತನದ ಸರ್ವಾಧಿಕಾರದ ಕಾಲದಲ್ಲಿ. ತಂದೆ ಫ್ರಾಂಸ್ವಾ 1957ರಿಂದ 1971ರವರೆಗೆ, ಮಗ ಜಾನ್-ಕ್ಲೋಡ್ ಅಲ್ಲಿಂದ 1986ರವರೆಗೆ ಆಳಿದರು. ಮಗನ ಕಾಲದಲ್ಲಿ ರಾಜಧಾನಿಯ ವಿಮಾನ ನಿಲ್ದಾಣದ ಬಳಿ ಸರ್ಕಾರದ ಕೈಗಾರಿಕಾ ವಸಾಹತು ಬೆಳೆದು, ಬೇಸ್‌ಬಾಲ್ ಚೆಂಡುಗಳು, ಒಳ ಉಡುಪುಗಳು, ವಿದ್ಯುನ್ಮಾನ ಬಿಡಿಭಾಗಗಳು ಅಲ್ಲಿಂದ ಅಮೆರಿಕಕ್ಕೆ ಹೋಗತೊಡಗಿದವು. ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ ಬಳಸುವ ಚೆಂಡುಗಳಿಗೆ, ಬೇಸ್‌ಬಾಲ್ ಆಡದ ಈ ದೇಶದ ಹೆಂಗಸರು ಕೈಯಿಂದ ಹೊಲಿಗೆ ಹಾಕುತ್ತಿದ್ದರು. ಕಡಿಮೆ ಕೂಲಿ, ಹತ್ತಿಕ್ಕಲ್ಪಟ್ಟ ಕಾರ್ಮಿಕ ಸಂಘಟನೆ ಮತ್ತು ಅಮೆರಿಕದ ಸಾಮೀಪ್ಯ ಈ ಬೆಳವಣಿಗೆಗೆ ಕಾರಣಗಳೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇವುಗಳ ಜೊತೆಗೆ, ಅಷ್ಟಾಗಿ ಚರ್ಚೆಯಾಗದ ನಾಲ್ಕನೆಯ ಕಾರಣವೊಂದಿದೆ. ಕಸುಬಿನ ದೃಷ್ಟಿಯಿಂದ ಅದೇ ನಿರ್ಣಾಯಕ.

ಅದು ಅಮೆರಿಕದ ಸುಂಕ ಪಟ್ಟಿಯ 807ನೇ ಬಾಬು. ಇದರ ಪ್ರಕಾರ, ಅಮೆರಿಕದಲ್ಲೇ ತಯಾರಾದ ಬಿಡಿಭಾಗಗಳನ್ನು ಹೊರದೇಶಕ್ಕೆ ಕಳುಹಿಸಿ, ಅಲ್ಲಿ ಜೋಡಿಸಿ ಮರಳಿ ತಂದರೆ, ಹೊರದೇಶದಲ್ಲಿ ಸೇರಿಸಿದ ಮೌಲ್ಯಕ್ಕೆ ಮಾತ್ರ, ಎಂದರೆ ಬಹುಮಟ್ಟಿಗೆ ಕೂಲಿಯ ಮೊತ್ತಕ್ಕೆ ಮಾತ್ರ, ಸುಂಕ ಬೀಳುತ್ತಿತ್ತು. ಉಡುಪಿನ ವಿಷಯದಲ್ಲಿ ಬಿಡಿಭಾಗವೆಂದರೆ ಕತ್ತರಿಸಿದ ಬಟ್ಟೆಯ ತುಂಡು. ಅಂದಮೇಲೆ ಅಳತೆಯ ಮಾದರಿ ತೆಗೆಯುವುದು, ಬಟ್ಟೆ ಪೋಲಾಗದಂತೆ ಮಾದರಿಗಳನ್ನು ಹೊಂದಿಸಿ ಹಾಸುವುದು, ಕತ್ತರಿಸುವುದು ಇವೆಲ್ಲ ಅಮೆರಿಕದಲ್ಲೇ ಮುಗಿದು, ತೋಳು, ಎದೆ, ಬೆನ್ನು ಎಂದು ಬೇರೆಬೇರೆ ಕಟ್ಟುಗಳಾಗಿ ತುಂಡುಗಳು ಹೈಟಿಗೆ ಬಂದಿಳಿಯುತ್ತಿದ್ದವು. ದರ್ಜಿಯ ವಿದ್ಯೆಯಲ್ಲಿ ಬುದ್ಧಿ ಹೆಚ್ಚು ಓಡಬೇಕಾದದ್ದು ಕತ್ತರಿಯ ಹಂತದಲ್ಲಿ. ಆ ಹಂತವನ್ನೇ ಸುಂಕದ ನಿಯಮ ಹೈಟಿಯಿಂದ ಹೊರಗಿಟ್ಟಿತ್ತು. 1973ರಲ್ಲಿ ರಾಷ್ಟ್ರೀಯ ವೃತ್ತಿ ತರಬೇತಿ ಸಂಸ್ಥೆ ಸ್ಥಾಪನೆಯಾದರೂ ಕಾರ್ಖಾನೆಗಳು ಅದರ ಬಾಗಿಲು ಬಡಿಯುವ ಅಗತ್ಯ ಹೆಚ್ಚಾಗಿ ಬೀಳಲಿಲ್ಲ, ಏಕೆಂದರೆ ಅವುಗಳಿಗೆ ಬೇಕಾಗಿದ್ದ ಕೆಲಸವನ್ನು ಕೆಲವೇ ವಾರಗಳಲ್ಲಿ ಯಂತ್ರದ ಮುಂದೆಯೇ ಕೂರಿಸಿ ಕಲಿಸಬಹುದಾಗಿತ್ತು.

ಆ ಕೆಲಸದ ಸ್ವರೂಪವನ್ನು ಟಿ-ಷರ್ಟಿನ ಉದಾಹರಣೆಯಿಂದ ತಿಳಿಯಬಹುದು. ಹೊಲಿಯುವವರ ತಂಡವನ್ನು ಹೈಟಿಯ ಕಾರ್ಖಾನೆಗಳಲ್ಲಿ 'ಮಾಡ್ಯೂಲ್' ಎನ್ನುತ್ತಾರೆ. ತಂಡದ ಒಬ್ಬರು ಭುಜಗಳನ್ನು ಓವರ್‌ಲಾಕ್ ಯಂತ್ರದಲ್ಲಿ, ಅಂದರೆ ಅಂಚನ್ನು ಸವರುತ್ತಲೇ ಎಳೆ ಬಿಚ್ಚದಂತೆ ಸುತ್ತಿ ಹೊಲಿಯುವ ಯಂತ್ರದಲ್ಲಿ, ಕೂಡಿಸುತ್ತಾರೆ. ಮುಂದಿನವರು ಕತ್ತಿನ ಪಟ್ಟಿಯನ್ನು ಸಮನಾಗಿ ಎಳೆದು ಕೂರಿಸುತ್ತಾರೆ. ಬೇರೊಬ್ಬರು ತೋಳು ಸೇರಿಸುತ್ತಾರೆ, ಮತ್ತೊಬ್ಬರು ಪಕ್ಕಗಳನ್ನು ಮುಚ್ಚುತ್ತಾರೆ, ಇನ್ನೊಬ್ಬರು ಫ್ಲಾಟ್‌ಲಾಕ್ ಯಂತ್ರದಲ್ಲಿ ಕೆಳ ಅಂಚು ಮಡಿಸುತ್ತಾರೆ, ಕೊನೆಯವರು ಉಳಿದ ದಾರ ಕತ್ತರಿಸಿ ಪರೀಕ್ಷಿಸುತ್ತಾರೆ. ಲೆಕ್ಕ ಡಜನ್ನಿನಲ್ಲಿ. ಒಬ್ಬರು ತಡಮಾಡಿದರೆ ಇಡೀ ತಂಡದ ದಿನಗೂಲಿಗೆ ಪೆಟ್ಟು. ವರ್ಷಗಟ್ಟಲೆ ಎಡತೋಳನ್ನೇ ಕೂಡಿಸಿದ ಹೆಣ್ಣುಮಗಳ ಬೆರಳುಗಳಿಗೆ ಅಸಾಧಾರಣ ವೇಗ ಬರುತ್ತದೆಯಾದರೂ, ಆ ವೇಗಕ್ಕೆ ಕಾರ್ಖಾನೆಯ ಹೊರಗೆ ಬೆಲೆಯಿಲ್ಲ. ಆಕೆ ತನ್ನ ಮಗುವಿಗೊಂದು ಅಂಗಿ ಕತ್ತರಿಸಿ ಹೊಲಿಯುವುದನ್ನು ಅಲ್ಲಿ ಕಲಿತಿರುವುದಿಲ್ಲ.

ಇದೇ ಅವಧಿಯಲ್ಲಿ ಇಡೀ ಅಂಗಿಯನ್ನು ಹೊಲಿಯಬಲ್ಲವರು ಕೆಲಸ ಕಳೆದುಕೊಳ್ಳುತ್ತಿದ್ದರು. 1960ರ ದಶಕದಿಂದ ಅಮೆರಿಕದ ಹಳೆಯ ಬಟ್ಟೆಗಳು ಮೊದಲು ನೆರವಿನ ರೂಪದಲ್ಲಿ, ನಂತರ ದೊಡ್ಡ ವ್ಯಾಪಾರವಾಗಿ ಹೈಟಿಗೆ ಹರಿದುಬಂದವು. 'ಪೆಪೆ' ಎಂದು ಕರೆಯುವ ಈ ಬಟ್ಟೆಗಳ ಮೂಟೆಗಳು ರಾಜಧಾನಿಯ ಕ್ರ್ವಾ-ದೆ-ಬೊಸಾಲ್ ಸಂತೆಯಲ್ಲಿ ಬಿಚ್ಚಿಕೊಳ್ಳುತ್ತಿದ್ದಂತೆ, ಅಳತೆ ತೆಗೆದುಕೊಂಡು ಹೊಲಿಯುತ್ತಿದ್ದ ಊರೂರಿನ ದರ್ಜಿಗಳಿಗೆ ಶಾಲಾ ಸಮವಸ್ತ್ರ ಮತ್ತು ಮದುವೆಯ ಉಡುಪು ಬಿಟ್ಟರೆ ಬೇರೆ ಗಿರಾಕಿ ಉಳಿಯಲಿಲ್ಲ. ಹಳೆಯ ಬಟ್ಟೆಯನ್ನು ಬಿಚ್ಚಿ ಮೈಗೆ ಹೊಂದುವಂತೆ ಮರುಹೊಲಿಗೆ ಹಾಕುವುದೇ ಹಲವರ ಉಪಜೀವನವಾಯಿತು. ಹೊಸ ಉಡುಪನ್ನು ರಫ್ತು ಮಾಡಿ ಹಳೆಯ ಉಡುಪನ್ನು ತೊಡುವ ಈ ಸ್ಥಿತಿಯನ್ನು ಅರ್ಥಶಾಸ್ತ್ರದ ವರದಿಗಳು ಬೇರೆಬೇರೆ ಅಧ್ಯಾಯಗಳಲ್ಲಿ ಹಂಚಿ ಬರೆದಿರುವುದರಿಂದ ಅದರ ಕ್ರೌರ್ಯ ಎದ್ದು ಕಾಣುವುದಿಲ್ಲ.

1990ರ ಡಿಸೆಂಬರ್‌ನಲ್ಲಿ ಚುನಾಯಿತರಾದ ಜಾನ್-ಬರ್ಟ್ರಾಂಡ್ ಅರಿಸ್ಟೀಡ್ ಅವರನ್ನು ಮರುವರ್ಷದ ಸೆಪ್ಟೆಂಬರ್‌ನಲ್ಲಿ ಸೈನ್ಯ ಪದಚ್ಯುತಗೊಳಿಸಿತು. ಅದನ್ನು ಖಂಡಿಸಿ ವಿಧಿಸಿದ ವ್ಯಾಪಾರ ನಿರ್ಬಂಧ 1994ರವರೆಗೆ ನಡೆದು ಜೋಡಣೆಯ ಉದ್ಯಮ ಬಹುತೇಕ ಅಳಿದುಹೋಯಿತು. ಮರಳಿ ಬಂದ ಸರ್ಕಾರ 1995ರಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇ 3ಕ್ಕೆ ಇಳಿಸಬೇಕಾಗಿ ಬಂದು, ಅಗ್ಗದ ಅಮೆರಿಕನ್ ಅಕ್ಕಿಯೆದುರು ಭತ್ತದ ಬೆಳೆಗಾರರು ಸೋತರು. ಈ ನೀತಿ ತಪ್ಪಾಗಿತ್ತೆಂದು ಬಿಲ್ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯೆದುರು ಒಪ್ಪಿಕೊಂಡರು. ಹಳ್ಳಿ ಬಿಟ್ಟು ಬಂದವರಿಂದ ತುಂಬಿದ್ದ ರಾಜಧಾನಿಯ ದುರ್ಬಲ ಕಟ್ಟಡಗಳು ಭೂಕಂಪದಲ್ಲಿ ಕುಸಿದು ಕೇವಲ ಎರಡು ತಿಂಗಳಾಗಿತ್ತು.

ಉಡುಪು ಉದ್ಯಮದ ಎರಡನೆಯ ಆವೃತ್ತಿ ಭೂಕಂಪಕ್ಕಿಂತ ಮೊದಲೇ ಶುರುವಾಗಿತ್ತು. 2006ರ ಡಿಸೆಂಬರ್‌ನಲ್ಲಿ ಅಮೆರಿಕ 'ಹೋಪ್' ಕಾಯ್ದೆಯನ್ನು ತಂದು, ಬೇರೆ ದೇಶದ ಬಟ್ಟೆಯಿಂದ ಹೈಟಿಯಲ್ಲಿ ತಯಾರಾದ ಉಡುಪಿಗೂ ಒಂದು ಮಿತಿಯವರೆಗೆ ಸುಂಕ ವಿನಾಯಿತಿ ಕೊಟ್ಟಿತು. ಹಳೆಯ ನಿಯಮ ಹೊರಗಿಟ್ಟಿದ್ದ ಕತ್ತರಿಗೆ ಈಗ ಹೈಟಿಯಲ್ಲಿ ಜಾಗ ಸಿಕ್ಕಿತು. 2008ರ ತಿದ್ದುಪಡಿ ಕಾಯ್ದೆಯು ವಿನಾಯಿತಿಯನ್ನು ಹಿಗ್ಗಿಸುವುದರ ಜೊತೆಗೆ ಕಾರ್ಖಾನೆಗಳ ಕಾರ್ಮಿಕ ಸ್ಥಿತಿಯನ್ನು ಪರಿಶೀಲಿಸಿ, ಹೆಸರು ಹೇಳಿ ವರದಿ ಪ್ರಕಟಿಸುವ ವ್ಯವಸ್ಥೆಯನ್ನೂ ಕಡ್ಡಾಯಗೊಳಿಸಿತು. ಇದು ನಿಜವಾದ ಸುಧಾರಣೆ. 2009ರ ಜನವರಿಯಲ್ಲಿ ಅರ್ಥಶಾಸ್ತ್ರಜ್ಞ ಪಾಲ್ ಕೊಲಿಯರ್ ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿ ಉಡುಪು ರಫ್ತನ್ನೇ ಹೈಟಿಯ ಭವಿಷ್ಯವೆಂದು ಸಾರಿತು. ಅದೇ ವರ್ಷ ಸಂಸತ್ತು ದಿನಗೂಲಿಯನ್ನು 70 ಗೂರ್ಡ್‌ಗಳಿಂದ 200ಕ್ಕೆ, ಅಂದಿನ ಲೆಕ್ಕದಲ್ಲಿ ಸುಮಾರು 5 ಡಾಲರ್‌ಗೆ, ಏರಿಸಿದಾಗ ಉದ್ಯಮಿಗಳ ಒತ್ತಡಕ್ಕೆ ಮಣಿದ ಅಧ್ಯಕ್ಷ ರೆನೆ ಪ್ರೆವಾಲ್ ಆಕ್ಷೇಪಿಸಿ, ರಫ್ತು ಉಡುಪು ಕಾರ್ಖಾನೆಗಳಿಗೆ ಸದ್ಯಕ್ಕೆ 125 ಗೂರ್ಡ್ ಸಾಕೆಂದು ಇತ್ಯರ್ಥವಾಯಿತು.

ಭೂಕಂಪದಲ್ಲಿ ಸತ್ತವರ ಸಂಖ್ಯೆ ಸರ್ಕಾರದ ಪ್ರಕಾರ 3 ಲಕ್ಷವನ್ನು ಮೀರುತ್ತದೆ. ಇತರ ಅಂದಾಜುಗಳು ಅದಕ್ಕಿಂತ ಬಹಳ ಕಡಿಮೆ. ಸುಮಾರು 15 ಲಕ್ಷ ಜನ ಮನೆ ಕಳೆದುಕೊಂಡರು. ರಾಜಧಾನಿಗೆ ಅಂಟಿಕೊಂಡಿರುವ ಕಾರ್ಫೂರ್‌ನಲ್ಲಿ ಉಡುಪು ಕಾರ್ಖಾನೆಯೊಂದು ಪಾಳಿ ಮುಗಿಯುವ ಹೊತ್ತಿಗೆ ಕುಸಿದು ನೂರಾರು ಕಾರ್ಮಿಕರು ಸತ್ತರು. ಮರಗೆಲಸ, ಲೋಹದ ಕೆಲಸ, ವಿದ್ಯುತ್ ಕೆಲಸಗಳನ್ನು ಬಡ ಮಕ್ಕಳಿಗೆ ಕಲಿಸುತ್ತಿದ್ದ, ಸಲೇಸಿಯನ್ ಪಾದ್ರಿಗಳ ಕಸುಬಿನ ಶಾಲೆಯೂ ವಿದ್ಯಾರ್ಥಿಗಳ ಸಮೇತ ನೆಲಸಮವಾಯಿತು. ಮನೆಗಳನ್ನು ಮತ್ತೆ ಕಟ್ಟಬೇಕಾಗಿದ್ದ ದೇಶಕ್ಕೆ ಆ ಹೊತ್ತಿನಲ್ಲಿ ಅತ್ಯಗತ್ಯವಾಗಿದ್ದವರು ಗಾರೆಯವರು, ಬಡಗಿಗಳು, ಕಬ್ಬಿಣ ಕಟ್ಟುವವರು. ಆದರೆ ಮೇ ತಿಂಗಳಲ್ಲಿ ಅಮೆರಿಕ 'ಹೆಲ್ಪ್' ಕಾಯ್ದೆಯ ಮೂಲಕ ಉಡುಪಿನ ಸುಂಕ ವಿನಾಯಿತಿಯನ್ನು ವಿಸ್ತರಿಸಿತು, ಆಗಸ್ಟ್‌ನಲ್ಲಿ ಅದರ ನೆರವಿನಿಂದ ರಾಜಧಾನಿಯ ಕೈಗಾರಿಕಾ ವಸಾಹತಿನಲ್ಲಿ ಉಡುಪು ತರಬೇತಿ ಕೇಂದ್ರ ತೆರೆಯಿತು. ಹೊಲಿಗೆ ಯಂತ್ರ ಚಾಲಕರನ್ನು ಸಿದ್ಧಪಡಿಸುವುದೇ ಅದರ ಮುಖ್ಯ ಗುರಿಯಾಗಿತ್ತು.

ಅತಿ ದೊಡ್ಡ ಹೂಡಿಕೆ ಬಂದದ್ದು ಭೂಕಂಪ ತಟ್ಟದ ಉತ್ತರ ಕರಾವಳಿಯ ಕರಾಕೋಲ್‌ಗೆ. ಎಲ್ಲವೂ ರಾಜಧಾನಿಯಲ್ಲೇ ಕಿಕ್ಕಿರಿದದ್ದು ಸಾವುನೋವು ಹೆಚ್ಚಲು ಕಾರಣವಾಗಿದ್ದರಿಂದ ಉದ್ಯಮವನ್ನು ದೂರಕ್ಕೆ ಒಯ್ಯಬೇಕೆಂಬ ವಾದದಲ್ಲಿ ಹುರುಳಿತ್ತು. ಹೈಟಿ ಸರ್ಕಾರ, ಅಮೆರಿಕ, ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕ್ ಮತ್ತು ದಕ್ಷಿಣ ಕೊರಿಯಾದ ಉಡುಪು ಕಂಪನಿ ಸೇ-ಆ 2011ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡವು; ಸುಮಾರು 250 ಹೆಕ್ಟೇರಿನ ಕೈಗಾರಿಕಾ ಪ್ರದೇಶ 2012ರ ಅಕ್ಟೋಬರ್ 22ರಂದು ಉದ್ಘಾಟನೆಯಾಯಿತು. ಮುಂದೆ 65,000 ಉದ್ಯೋಗಗಳ ಭರವಸೆಯಿತ್ತು. ಹಿಂದೆ ಡೋಫಿನ್ ಕಂಪನಿಯ ಕತ್ತಾಳೆ ತೋಟಗಳು ಹರಡಿದ್ದ ಆ ಪ್ರಾಂತದಲ್ಲಿ, ಹುರುಳಿಕಾಯಿ, ಮುಸುಕಿನಜೋಳ, ಮರಗೆಣಸು ಬೆಳೆಯುತ್ತಿದ್ದ 366 ಕುಟುಂಬಗಳನ್ನು ಈ ಯೋಜನೆಗಾಗಿ ಫಲವತ್ತಾದ ನೆಲದಿಂದ ಎಬ್ಬಿಸಲಾಯಿತು. ಸಮೀಪದಲ್ಲೇ ಕಟ್ಟಬೇಕಾಗಿದ್ದ ಹೊಸ ಬಂದರಿನ ಯೋಜನೆಯನ್ನು ಕೈಬಿಡಲಾಯಿತು. ಕರಾಕೋಲ್‌ನಲ್ಲಿ ಬಟ್ಟೆ ತಯಾರಿಸುವ ಗಿರಣಿಯ ಮಾತೂ ಇತ್ತು. ಅದು ಬಂದಿದ್ದರೆ ನೇಯ್ಗೆ, ಬಣ್ಣಗಾರಿಕೆ, ಯಂತ್ರ ದುರಸ್ತಿಗಳ ಆಳವಾದ ವಿದ್ಯೆಯೂ ಜೊತೆಗೆ ಬರಬಹುದಾಗಿತ್ತು. ಕಂಪನಿ ತನ್ನ ನೂಲಿನ ಗಿರಣಿಯನ್ನು 2015ರಲ್ಲಿ ಕೋಸ್ಟರಿಕಾದಲ್ಲಿ ತೆರೆಯಿತು.

ಆದರೂ ಕರಾಕೋಲ್ ಸಾವಿರಾರು ಜನರಿಗೆ, ಅವರಲ್ಲೂ ಹೆಚ್ಚಾಗಿ ಹೆಂಗಸರಿಗೆ, ಜೀವನದ ಮೊದಲ ನಿಯತ ಸಂಬಳ ಕೊಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ದೇಶದಾದ್ಯಂತ ಉಡುಪು ಕಾರ್ಮಿಕರ ಸಂಖ್ಯೆ 2021ರ ಹೊತ್ತಿಗೆ 50,000 ದಾಟಿತ್ತು. ಕೌಶಲ ಹೆಚ್ಚಿದಂತೆ ಕೂಲಿ ಹೆಚ್ಚಬೇಕೆಂಬ ನಿರೀಕ್ಷೆ ಮಾತ್ರ ಕೈಗೂಡಲಿಲ್ಲ: ಡಜನ್ ಲೆಕ್ಕದಲ್ಲಿ ದುಡಿಯುವವರು ಎಂಟು ಗಂಟೆಯಲ್ಲಿ 300 ಗೂರ್ಡ್ ಗಳಿಸುವಂತೆ ದರ ನಿಗದಿಯಾಗಬೇಕೆಂಬ ಕಾನೂನನ್ನು ಬಹುತೇಕ ಕಾರ್ಖಾನೆಗಳು ಪಾಲಿಸುತ್ತಿಲ್ಲವೆಂದು 2013ರ ಪರಿಶೀಲನಾ ವರದಿಗಳು ದಾಖಲಿಸಿದವು. ನೆಲ ಕಳೆದುಕೊಂಡ ರೈತರು 2017ರಲ್ಲಿ ಅಭಿವೃದ್ಧಿ ಬ್ಯಾಂಕಿನ ದೂರು ವಿಭಾಗದ ಮೊರೆಹೊಕ್ಕು, 2018ರ ಡಿಸೆಂಬರ್‌ನಲ್ಲಿ ಒಪ್ಪಂದವೊಂದನ್ನು ಪಡೆದರು. ಭೂಮಿ, ಕೃಷಿ ಉಪಕರಣ, ಉದ್ಯೋಗಗಳ ಜೊತೆಗೆ ತರಬೇತಿಯೂ ಅದರಲ್ಲಿ ಸೇರಿತ್ತು, ಮತ್ತು ಆ ಮಾತುಕತೆಯಲ್ಲಿ ರೈತರೇ ಒಂದು ಪಕ್ಷವಾಗಿ ಕುಳಿತಿದ್ದರು.

2021ರ ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೊಯೀಸ್ ಹತ್ಯೆಯಾದ ಬಳಿಕ ಸಶಸ್ತ್ರ ಗುಂಪುಗಳು ರಾಜಧಾನಿಯ ರಸ್ತೆಗಳನ್ನೂ ಇಂಧನ ಸಂಗ್ರಹಾಗಾರವನ್ನೂ ಅಡ್ಡಗಟ್ಟತೊಡಗಿ, ಕಾರ್ಖಾನೆಗಳಿಗೆ ಸರಕು ಸಾಗಣೆಯೇ ಕಷ್ಟವಾಯಿತು. 2022ರ ಫೆಬ್ರುವರಿಯಲ್ಲಿ ಉಡುಪು ಕಾರ್ಮಿಕರು 1,500 ಗೂರ್ಡ್ ದಿನಗೂಲಿ ಕೇಳಿ ಬೀದಿಗಿಳಿದರು. ಸರ್ಕಾರ 500ರಿಂದ 685ಕ್ಕೆ ಏರಿಸಿತು. ಅಲ್ಲಿಂದೀಚೆಗೆ ಬೇಡಿಕೆ ಕುಸಿದು ಕರಾಕೋಲ್‌ನಲ್ಲಿಯೂ ರಾಜಧಾನಿಯಲ್ಲಿಯೂ ಸಾವಿರಾರು ಮಂದಿ ಕೆಲಸ ಕಳೆದುಕೊಂಡಿದ್ದಾರೆ. ಹತ್ತು ವರ್ಷ ತೋಳು ಕೂಡಿಸಿದವರೂ ಕತ್ತಿನ ಪಟ್ಟಿ ಕೂರಿಸಿದವರೂ ಅವರಲ್ಲಿದ್ದಾರೆ, ಮತ್ತು ಅವರು ಮರಳಿ ಹೋದ ಊರುಗಳ ಸಂತೆಯಲ್ಲಿ ಪೆಪೆ ಮೂಟೆಗಳ ವ್ಯಾಪಾರ ನಡೆದೇ ಇದೆ.